ಮಕ್ಕಳೆದುರು ನಿನ್ನ ವೋಟು

ಚಿ. ಸುಮಾಳಿಗೆ ಮಾವನ ಆಶೀರ್ವಾದಗಳು.

ಸಾಗರದ ಕಡೆಯ ಹೈಸ್ಕೂಲಿಗೆ ಪೋಸ್ಟಿಂಗ್ ಆಗಿದ್ದು ಕೇಳಿ ಸಂತೋಷವಾಗಿತ್ತು. ಮೊನ್ನೆ ನಿನ್ನಮ್ಮ ಫೋನ್ ಮಾಡಿದಾಗ ಇನ್ನೊಂದು ವಿಷಯ ಹೇಳಿದಳು. ಯಾರೋ ಹುಡುಗನ ಅಪ್ಪ ಬಂದು, ಟೀಚರ್ ಪಾಠ ಬಿಟ್ಟು ಭಾಷಣ ಮಾಡ್ತಾರೆ ಅಂತ ಹೆಡ್‌ಮಾಸ್ಟರಿಗೆ ದೂರು ಕೊಟ್ಟು ಹೋದನಂತೆ. ನೀನು ಸಿಟ್ಟಾಗಿದ್ದೀಯಂತೆ. ಯಾವ ಪಕ್ಷದ ಪರ ಭಾಷಣ ಅಂತ ನಾನು ಕೇಳಲಿಲ್ಲ. ಯಾವುದಾಗಿದ್ದರೂ ಈ ಪತ್ರ ಹೀಗೇ ಇರುತ್ತಿತ್ತು.

ಸರ್ಕಾರಿ ನೌಕರರು ಪಕ್ಷ ರಾಜಕೀಯ ಮಾಡಬಾರದು ಅಂತ ನಡತೆ ನಿಯಮದಲ್ಲೇ ಇದೆ. ಅದು ನಿನಗೂ ಗೊತ್ತು, ಬಿಡು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ 100 ಅಂಕದಲ್ಲಿ 20 ಇಂಟರ್ನಲ್. ಅದನ್ನು ಹಾಕುವವಳು ನೀನು. ಅಂಥವಳ ಎದುರು ಯಾವ ಹುಡುಗ ಎದ್ದು ನಿಂತು "ಇಲ್ಲ ಮೇಡಂ, ನೀವು ಹೇಳಿದ್ದು ಸರಿಯಲ್ಲ" ಅಂತಾನೆ? ಸುಮ್ನೆ ತಲೆಯಾಡಿಸ್ತಾನೆ. ಒಪ್ಪಿಕೊಂಡ ಅಂತ ನಿನಗೆ ಅನ್ನಿಸುತ್ತದೆ, ಅಷ್ಟೇ.

ಹಾಗಂತ ರಾಜಕೀಯದ ಸುದ್ದಿಗೇ ಹೋಗಬೇಡ ಅನ್ನುತ್ತಿಲ್ಲ. ಸಮಾಜ ವಿಜ್ಞಾನದ ಟೀಚರಾಗಿ ಹಾಗೆ ಮಾಡಿದರೆ ಪಾಠದಲ್ಲಿ ಉಳಿಯೋದು ಬರೀ ಇಸವಿಗಳು.

ಭೂ ಸುಧಾರಣೆಯನ್ನೇ ತಗೋ. ನೀನಿರುವ ತಾಲೂಕಿನಲ್ಲೇ ಕಾಗೋಡು ಇದೆ. ಗೇಣಿ ಭತ್ತ ಅಳೆಯುವ ಕೊಳಗದ ಜಗಳ 1951ರಲ್ಲಿ ಅಲ್ಲಿ ಸತ್ಯಾಗ್ರಹವಾಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದಲ್ಲಿ ಉಳುವವನಿಗೇ ಭೂಮಿ ಅಂತ ಭೂ ಸುಧಾರಣೆ ಕಾನೂನು ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ತಾವು ಉಳುವ ಜಮೀನು ತಮಗೇ ಬೇಕು ಅಂತ ನಮೂನೆ 7ರಲ್ಲಿ ಅರ್ಜಿ ಹಾಕಿದರು, ಅದನ್ನು ತೀರ್ಮಾನಿಸಲು ಭೂ ನ್ಯಾಯಮಂಡಳಿಗಳು ಕೂತವು. ನಿನ್ನ ಕ್ಲಾಸಿನಲ್ಲಿ ಆ ಅರ್ಜಿ ಹಾಕಿ ಜಮೀನು ಪಡೆದವರ ಮೊಮ್ಮಕ್ಕಳೂ ಇರಬಹುದು, ಜಮೀನು ಕಳೆದುಕೊಂಡವರ ಮೊಮ್ಮಕ್ಕಳೂ ಇರಬಹುದು. ಒಂದೇ ಬೆಂಚಿನಲ್ಲಿ! ಒಬ್ಬನ ಮನೆಯಲ್ಲಿ ಅರಸರ ಫೋಟೋಗೆ ಹೂವು. ಇನ್ನೊಬ್ಬಳ ಅಜ್ಜಿ ಗಂಡ ಸತ್ತ ಮೇಲೆ ಎರಡೆಕರೆ ಗೇಣಿಗೆ ಕೊಟ್ಟಿದ್ದರು, ಅದೂ ಹೋಯಿತು. ವಿಧವೆ ಅಂತ ವಿನಾಯಿತಿ ಇರಲಿಲ್ಲ. ನೀನು ಮೊದಲೇ ತೀರ್ಪು ಕೊಟ್ಟುಬಿಟ್ಟರೆ ಇವರಲ್ಲಿ ಒಬ್ಬರು ಬಾಯಿ ಮುಚ್ಚಿಕೊಳ್ತಾರೆ. ಬದಲಿಗೆ ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬನ್ನಿ ಅನ್ನು. ಮಾರನೇ ದಿನ ಎರಡೂ ಕಥೆ ಬರುತ್ತವೆ. ಆಗ ಕಾನೂನು ಯಾಕೆ ಬೇಕಾಯ್ತು, ಯಾರಿಗೆ ಏನಾಯ್ತು ಅಂತ ಅವರೇ ಮಾತಾಡಲಿ.

ಎಲ್ಲದಕ್ಕೂ ಎರಡು ಕಡೆ ಇರುತ್ತದೆ ಅಂತ ಮಾತ್ರ ತಿಳೀಬೇಡ. ಅಸ್ಪೃಶ್ಯತೆಗೆ ಇನ್ನೊಂದು ಕಡೆ ಅನ್ನೋದಿಲ್ಲ. ಸಂವಿಧಾನದ 17ನೇ ವಿಧಿ ಅದನ್ನು ಮುಗಿಸಿದೆ. ಬಿಸಿಯೂಟದ ಸಾಲಿನಲ್ಲಿ ಯಾವ ಮಗುವಾದರೂ ಸರಿದು ಕೂತರೆ ಅಲ್ಲಿ ನೀನು ಗಟ್ಟಿಯಾಗೇ ಮಾತಾಡಬೇಕು. ಯಾರ ಅಪ್ಪ ದೂರು ಕೊಟ್ಟರೂ ಸರಿ. ಅಲ್ಲಿ ನಾನು ನಿನ್ನ ಕಡೆ.

"ಮೇಡಂ, ನೀವು ಯಾರಿಗೆ ವೋಟು ಹಾಕ್ತೀರಿ?" ಅಂತ ಮಕ್ಕಳು ಕೇಳೇ ಕೇಳ್ತಾರೆ. ಗದರಬೇಡ. ಗುಪ್ತ ಮತದಾನ ಅಂದರೇನು ಅಂತ ಆ ಪ್ರಶ್ನೆಯಿಂದಲೇ ಶುರು ಮಾಡು. ನಿನ್ನ ಅಭಿಪ್ರಾಯಕ್ಕೆ ಬೇರೆ ಜಾಗ ಇದೆಯಲ್ಲ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರ ಅಂತಲೇ 7 ಸೀಟಿವೆ. ಅರ್ಹತೆಯ ವರ್ಷ ತುಂಬಿದ ಮೇಲೆ ಹೆಸರು ಸೇರಿಸು. ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ಜಗಳ ಆಡು, ಅಲ್ಲಿ ಎಲ್ಲರೂ ಸಮಾನರು. ಆದರೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದಿನಾ ಪಕ್ಷದ ವಿಡಿಯೋ ಹಾಕೋದು ನಿಲ್ಲಿಸು. ನಿನ್ನ ನಂಬರ್ ಅರ್ಧ ಕ್ಲಾಸಿನ ಮನೆಗಳಲ್ಲಿದೆ, ಅಲ್ವಾ?

ಆ ಹುಡುಗನ ಅಪ್ಪನನ್ನು ಒಮ್ಮೆ ಕರೆಸಿ ಮಾತಾಡು. ವಾದಕ್ಕಲ್ಲ, ಮಗ ಮನೆಯಲ್ಲಿ ಏನು ಹೇಳಿದ ಅಂತ ಕೇಳೋದಕ್ಕೆ. ನಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ನ್ಯಾಯಮಂಡಳಿ ಆದೇಶದ ಕಾಗದವಿದೆ. ಜೆರಾಕ್ಸ್ ಮಾಡಿಸಿ ಕಳಿಸ್ತೇನೆ, ಕ್ಲಾಸಿಗೆ ಬೇಕಾಗುತ್ತದೆ.

ಇಂತಿ,
ನಿನ್ನ ಸೋದರಮಾವ