ನಾವು ಹೊದಿಸಿದ ಶಾಲು: ನಮ್ಮ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಮಕ್ಕಳನ್ನು ಸೇರಿಸುವ ಸಂಘ, ಮಂಡಳಗಳಲ್ಲಿ ಅವರ ರಕ್ಷಣೆಗೊಂದು ಸರ್ಕಾರಿ ಆದೇಶ ಬೇಕೆಂದು ಮರಾಠಿಯಲ್ಲಿ ಬರೆದ ನನ್ನ ಮೂರು ಅರ್ಜಿಗಳು ನಿಮ್ಮ ಜನಸಂಪರ್ಕ ಕಚೇರಿಯಲ್ಲಿವೆ. ಮೂರಕ್ಕೂ ಆವಕ ನಂಬರು, ಮೊಹರು, ಸಹಿ ಎಲ್ಲ ಬಿದ್ದಿವೆ, ಉತ್ತರವೊಂದು ಬಂದಿಲ್ಲ. ನಾಲ್ಕನೆಯದನ್ನು ಕನ್ನಡದಲ್ಲಿ, ನಾಲ್ಕು ಜನರಿಗೆ ಕಾಣುವಂತೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದಿರಬಹುದು. ಆದರೆ ಮುಂಬಯಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ‘ಎಲ್ಲರಿಗೂ ನಮಸ್ಕಾರ, ಊಟ ಆಯಿತಾ’ ಎಂದು ಚಪ್ಪಾಳೆ ಗಿಟ್ಟಿಸಿದವರು ನೀವು, ಚುನಾವಣೆಗೆ ಮುನ್ನ ಕನ್ನಡದಲ್ಲಿ ಕರಪತ್ರ ಹಂಚಿದವರೂ ನೀವೇ. ಅದನ್ನು ಬರೆದುಕೊಟ್ಟವರು ಇದನ್ನೂ ಓದಿ ಹೇಳಲಿ.

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಸಂಘದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ವರ್ಗ, ಆಮೇಲೆ ನಾಟಕದ ತಾಲೀಮು. ಹೆಚ್ಚಿನ ಮಕ್ಕಳ ತಂದೆಯರು ಹೋಟೆಲಿನವರು, ಭಾನುವಾರವೆಂದರೆ ಅವರಿಗೆ ದುಪ್ಪಟ್ಟು ಕೆಲಸ. ಸಂಘದಲ್ಲಿ ಬಿಟ್ಟರೆ ಅಜ್ಜಿಮನೆಯಲ್ಲಿ ಬಿಟ್ಟಂತೆ ಎಂಬ ಭರವಸೆ. ನಾಟಕ ಕಲಿಸಲು ಒಬ್ಬರು ಬರುತ್ತಿದ್ದರು. ಸಂಬಳ ಬೇಡ, ಕನ್ನಡದ ಸೇವೆ ಎಂದವರು. ಹಿಂದೆ ಎಲ್ಲಿ ಕಲಿಸುತ್ತಿದ್ದರು, ಅಲ್ಲಿಂದ ಏಕೆ ಬಿಟ್ಟರು ಎಂದು ಯಾರೂ ಕೇಳಲಿಲ್ಲ. ‘ನಮ್ಮ ಕಡೆಯವರು’ ಎಂಬುದೇ ಸಾಕಾಯಿತು.

ಹನ್ನೊಂದು ವರ್ಷದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಬರುವುದನ್ನು ಬಿಟ್ಟ. ಆಗ ನಾನು ಜಂಟಿ ಕಾರ್ಯದರ್ಶಿ. ಅವನ ತಾಯಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಹೇಳಿದಳು: “ತಾಲೀಮು ಮುಗಿದ ಮೇಲೂ ಅವನೊಬ್ಬನನ್ನೇ ನಿಲ್ಲಿಸಿಕೊಳ್ಳುತ್ತಾರಂತೆ ಅಕ್ಕ. ಬಾಗಿಲು ಹಾಕುತ್ತಾರಂತೆ.” ಮುಂದಿನದನ್ನು ಬರೆಯುವುದಿಲ್ಲ. ಹುಡುಗನ ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಕಾರ್ಯಕಾರಿ ಸಮಿತಿಯ ತುರ್ತು ಸಭೆ ಸೇರಿತು. ಉಪ್ಪಿಟ್ಟು, ಕಾಫಿ ಬಂತು. ಪೊಲೀಸರೆಂದರೆ ಸಂಘದ ಮಾನ ಬೀದಿಗೆ ಬರುತ್ತದೆ ಎಂದರು ಒಬ್ಬ ಹಿರಿಯರು. “ಹುಡುಗ ತಾನೇ, ಹುಡುಗಿಯಲ್ಲವಲ್ಲ” ಎಂದರು ಇನ್ನೊಬ್ಬರು, ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುತ್ತ. ಕೊನೆಗೆ, ವೈಯಕ್ತಿಕ ಕಾರಣದಿಂದ ನಿವೃತ್ತಿ ಎಂದು ಠರಾವು. ಬರಿಗೈಯಲ್ಲಿ ಕಳುಹಿಸಿದರೆ ಜನ ಸಂಶಯಪಡುತ್ತಾರೆಂದು ಶಾಲು, ಹಾರ, ಫಲತಾಂಬೂಲದ ಬೀಳ್ಕೊಡುಗೆ. ಶಾಲನ್ನು ದಾದರಿನಿಂದ ತಂದವಳು ನಾನೇ. ಮುನ್ನೂರೈವತ್ತು ಹೇಳಿದ್ದನ್ನು ಚೌಕಾಸಿ ಮಾಡಿ ಮುನ್ನೂರಕ್ಕೆ ಇಳಿಸಿದೆ. ರಸೀದಿ ಸಂಘದ ಲೆಕ್ಕದಲ್ಲಿದೆ.

ಆರು ತಿಂಗಳಾದ ಮೇಲೆ, ಸೆಂಟ್ರಲ್ ಲೈನಿನಲ್ಲಿ ಎರಡು ಸ್ಟೇಷನ್ ಆಚೆಗಿನ ಯುವಕ ಮಂಡಳವೊಂದರ ಬ್ಯಾನರು ನೋಡಿದೆ. ಮಕ್ಕಳ ಬೇಸಿಗೆ ಶಿಬಿರ. ಅದೇ ಮುಖ, ಹೆಗಲ ಮೇಲೆ ನಾನು ತಂದ ಶಾಲು. ಮಂಡಳದವರಿಗೆ ಫೋನ್ ಮಾಡಿದೆ. “ನಿಮ್ಮ ಸಂಘದವರೇ ಸನ್ಮಾನ ಮಾಡಿದ್ದಾರಲ್ಲ ಮೇಡಂ?” ಎಂದರು. ಆ ಬ್ಯಾನರಿನ ಮೇಲ್ತುದಿಯಲ್ಲಿ ಕೈ ಮುಗಿದು ನಿಂತವರು ನೀವು. ನಿಮ್ಮ ತಪ್ಪೆನ್ನುವುದಿಲ್ಲ; ಈ ಕ್ಷೇತ್ರದಲ್ಲಿ ನಿಮ್ಮ ಫೋಟೋ ಇಲ್ಲದ ಬ್ಯಾನರು ಹುಡುಕಿದರೂ ಸಿಗುವುದಿಲ್ಲ.

ಪೊಲೀಸ್ ಠಾಣೆಗೂ ಹೋದೆ. ಹನ್ನೊಂದರಿಂದ ನಾಲ್ಕರವರೆಗೆ ಬೆಂಚಿನ ಮೇಲೆ ಕೂರಿಸಿ, “ತಂದೆತಾಯಿಯನ್ನು ಕರೆತನ್ನಿ” ಎಂದರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯಿದೆ ನಿಮಗೆ ಗೊತ್ತೇ ಇದೆ. 19ನೆಯ ಕಲಮು ಯಾವುದೇ ವ್ಯಕ್ತಿ ತಿಳಿಸಬೇಕು ಎನ್ನುತ್ತದೆಯೇ ಹೊರತು ತಾಯಿಯೇ ಬರಬೇಕು ಎನ್ನುವುದಿಲ್ಲ. ಮಗು ಗಂಡೋ ಹೆಣ್ಣೋ ಎಂದೂ ಕೇಳುವುದಿಲ್ಲ. ಮುಚ್ಚಿಟ್ಟವರಿಗೆ 21ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸವುಂಟು. ತನ್ನ ಕೈಕೆಳಗಿನವನ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ನನ್ನ ಪಾಲಿಗೆ ಬರುವುದನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಆ ಹುಡುಗನ ತಾಯಿ ಈಗ ಮಾರ್ಕೆಟಿನಲ್ಲಿ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾಳೆ. ನನಗೆ ಸಿಕ್ಕಿರುವ ಶಿಕ್ಷೆ ಸದ್ಯಕ್ಕೆ ಅಷ್ಟೇ.

ನಾನು ಕೇಳುತ್ತಿರುವುದು ಒಂದೇ ಒಂದು ಸರ್ಕಾರಿ ಆದೇಶ. ಮಕ್ಕಳನ್ನು ಸೇರಿಸುವ ಪ್ರತಿಯೊಂದು ನೋಂದಾಯಿತ ಸಂಘ, ಮಂಡಳ, ಟ್ರಸ್ಟಿಗೆ ಅನ್ವಯಿಸುವ ಆದೇಶ. 2020ರ ಪೋಕ್ಸೋ ನಿಯಮಗಳ ಮೂರನೆಯ ನಿಯಮವನ್ನು ನಿಮಗೆ ವಿವರಿಸಬೇಕಾಗಿಲ್ಲ: ಮಕ್ಕಳೊಂದಿಗೆ ನಿತ್ಯ ಸಂಪರ್ಕವಿರುವ ಸಂಸ್ಥೆಯ ಸಿಬ್ಬಂದಿಗೆ ಪೊಲೀಸ್ ಪರಿಶೀಲನೆಯಾಗಬೇಕು, ರಾಜ್ಯ ಸರ್ಕಾರ ಮಕ್ಕಳ ರಕ್ಷಣಾ ನೀತಿ ರೂಪಿಸಬೇಕು. ಅದನ್ನು ನಮ್ಮ ಅಧ್ಯಕ್ಷರಿಗೆ ತೋರಿಸಿದಾಗ, “ನಮ್ಮಲ್ಲಿ ಸಿಬ್ಬಂದಿ ಎಲ್ಲಿದ್ದಾರೆ? ಎಲ್ಲರೂ ಸೇವೆ ಮಾಡುವವರು” ಎಂದು ನಕ್ಕರು. ಆ ನಗುವಿಗೆ ಉತ್ತರ ಕೊಡುವ ಆದೇಶ ಬೇಕು. ಶಾಲೆಯೊಂದರಲ್ಲಿ ಪುಟ್ಟ ಹುಡುಗಿಯರ ಮೇಲೆ ನಡೆದ ಲೈಂಗಿಕ ದೌರ್ಜನ್ಯಕ್ಕೆ ಸಿಟ್ಟಾಗಿ 2024ರ ಆಗಸ್ಟ್‌ನಲ್ಲಿ ಬದ್ಲಾಪುರದ ಜನ ರೈಲು ಹಳಿಯ ಮೇಲೆ ಕುಳಿತ ಮೇಲೆ ಶಾಲೆಗಳಿಗೆ ಸಿಸಿಟಿವಿ, ಸಿಬ್ಬಂದಿಯ ಪರಿಶೀಲನೆ ಎಂದು ಆದೇಶ ಬಂತು. ನಮ್ಮ ಭಾನುವಾರದ ವರ್ಗಕ್ಕೆ ಒಂದು ಸುತ್ತೋಲೆಯೂ ಬರಲಿಲ್ಲ. ಒಬ್ಬರ ಮೇಲೊಬ್ಬರು ಹತ್ತಿ ಮೊಸರು ಗಡಿಗೆ ಒಡೆಯುವ ದಹಿಹಂಡಿಗೆ 14ರ ಕೆಳಗಿನ ಮಕ್ಕಳನ್ನು ಹತ್ತಿಸುವುದಿಲ್ಲವೆಂದು ಸರ್ಕಾರ 2017ರಲ್ಲಿ ಹೈಕೋರ್ಟಿನಲ್ಲಿ ಹೇಳಿತು. ಮೇಲಿಂದ ಬಿದ್ದ ಮಗು ಊರಿಗೆಲ್ಲ ಕಾಣುತ್ತದೆ, ಅದಕ್ಕೇ ಇರಬೇಕು.

ದಾರಿ ಕಷ್ಟದ್ದೇನಲ್ಲ. ಒಬ್ಬ ಟ್ರಸ್ಟಿ ಬದಲಾದರೆ 90 ದಿನಗಳೊಳಗೆ ಬದಲಾವಣೆಯ ವರದಿ ಕೊಡಿ ಎಂದು ಟ್ರಸ್ಟುಗಳ ಮೇಲ್ವಿಚಾರಣೆ ನೋಡುವ ಧರ್ಮಾದಾಯ ಆಯುಕ್ತರು ಕೇಳುತ್ತಾರೆ. ಮಕ್ಕಳೊಂದಿಗೆ ಕೋಣೆಯಲ್ಲಿರುವವರು ಯಾರು ಎಂದೂ ಕೇಳಲಿ. ಸಂಬಳವಿರಲಿ, ಬಿಡಲಿ, ಅವರ ಪರಿಶೀಲನೆಯಾಗಲಿ. ಅದೊಂದೇ ಸಾಲದೆಂದು ನನಗೂ ಗೊತ್ತು: ನಾವು ದೂರು ಕೊಡದ್ದರಿಂದ ನಮ್ಮ ನಾಟಕದ ಮೇಷ್ಟ್ರ ದಾಖಲೆ ಇಂದಿಗೂ ಹಾಲಿನಷ್ಟು ಬಿಳಿ. ಆದ್ದರಿಂದ ದೊಡ್ಡವರೊಬ್ಬರೇ ಮಗುವಿನೊಂದಿಗೆ ಬಾಗಿಲು ಹಾಕಿಕೊಳ್ಳುವಂತಿಲ್ಲ, ದೂರು ಬಂದರೆ ಸಮಿತಿ ಪಂಚಾಯಿತಿ ಮಾಡುವಂತಿಲ್ಲ, ನೇರ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು ಎಂಬುದೂ ಅದೇ ಆದೇಶದಲ್ಲಿರಲಿ. ಪಾಲಿಸದ ಮಂಡಳಕ್ಕೆ ನಿಮ್ಮ ನಿಧಿಯಿಂದ ಒಂದು ಕುರ್ಚಿಯೂ ಹೋಗದಿರಲಿ. ನಮ್ಮ ಸಭಾಂಗಣದ ಎಂಟು ಫ್ಯಾನುಗಳ ಮೇಲೂ ನಿಮ್ಮ ಹೆಸರಿದೆ. ಗೋಡೆಯ ಮೇಲೆ 1098 ಎಲ್ಲಿಯೂ ಇಲ್ಲ.

ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿ, ಆದೇಶ ತರಿಸಿ. ಸೋಮವಾರ ಹನ್ನೊಂದಕ್ಕೆ ಈ ಪತ್ರದ ಮರಾಠಿ ಪ್ರತಿಯೊಂದಿಗೆ ನಿಮ್ಮ ಕಚೇರಿಗೆ ಬರುತ್ತೇನೆ. ಮೊಹರು ಬೇಡ, ನನ್ನಲ್ಲಿ ಮೂರಿವೆ. ಪ್ರಶ್ನೆಯನ್ನು ಯಾವ ತಾರೀಕಿಗೆ ಕೇಳುತ್ತೀರಿ ಎಂದು ಅದರ ಮೇಲೆ ಬರೆದುಕೊಡಿ.

ಇಂತು,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು,
ಸಂಘದ ಮಾಜಿ ಜಂಟಿ ಕಾರ್ಯದರ್ಶಿ
ಮುಂಬಯಿ