ನಕ್ಷೆಗೆ ಬಣ್ಣ ಹಚ್ಚುವ ಮುಂಚೆ

ಮಡಿಕೇರಿ

ಪ್ರೀತಿಯ ಪುಟ್ಟಿ,

ನಿನಗೆ ಕೆಲಸ ಸಿಕ್ಕಿದ್ದು ಕೇಳಿ ದೊಡ್ಡಮ್ಮನಿಗೂ ನನಗೂ ತುಂಬಾ ಖುಷಿಯಾಯಿತು. ಅಪಾಯದಲ್ಲಿರುವ ಪ್ರಾಣಿ, ಗಿಡ, ಕಾಡುಗಳ ನಕ್ಷೆ ಮಾಡುವ ಕೆಲಸ ಅಂದಮೇಲೆ ಕೊಡಗಿನ ಹಾಳೆಯೂ ನಿನ್ನ ಮೇಜಿಗೆ ಬಂದೇ ಬರುತ್ತದೆ. ಅದಕ್ಕೇ ಈಗಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾವ ಪಟ್ಟಿ, ಯಾವ ನಕ್ಷೆ ಕೈಗೆ ಬಂದರೂ ಅದು ಏನನ್ನು ಅಳೆದಿದೆ ಅಂತ ಮೊದಲು ಕೇಳು. ಬಣ್ಣ ಆಮೇಲೆ.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ, ಅಂದರೆ ಐಯುಸಿಎನ್‌ನ ಕೆಂಪು ಪಟ್ಟಿ 1964ರಿಂದ ಇದೆ. ಯಾವ ಜೀವಿ ಎಷ್ಟು ಮುಖ್ಯ ಅಂತ ಅದು ಹೇಳುವುದಿಲ್ಲ. ಅಳಿದುಹೋಗುವ ಅಪಾಯ ಎಷ್ಟು ಅಂತಷ್ಟೇ ಹೇಳುತ್ತದೆ. ಸಂಖ್ಯೆ ಎಷ್ಟು ಬೇಗ ಇಳಿಯುತ್ತಿದೆ, ಎಷ್ಟು ಜಾಗದಲ್ಲಿ ಉಳಿದಿದೆ, ಮರಿ ಮಾಡುವ ವಯಸ್ಸಿನವು ಎಷ್ಟಿವೆ, ಇಂಥವೇ ಲೆಕ್ಕ. ಮರಿ ಮಾಡುವ ವಯಸ್ಸಿನವು 50ಕ್ಕಿಂತ ಕಡಿಮೆ ಇದ್ದರೆ ಅದೊಂದೇ ಸಾಕು, ತೀರಾ ಅಪಾಯದ ಗುಂಪಿಗೆ ಸೇರುತ್ತದೆ. ಇನ್ನು ‘ಮಾಹಿತಿ ಸಾಲದು’ ಅನ್ನುವ ಗುಂಪನ್ನು ಜನ ಕ್ಷೇಮ ಅಂತ ಓದಿಕೊಳ್ಳುತ್ತಾರೆ. ನೀನು ಹಾಗೆ ಓದಬೇಡ.

ನಮ್ಮ ಕಾವೇರಿಯ ಮಹಶೀರ್ ಮೀನನ್ನೇ ತಗೋ. ಬೆನ್ನು ಗೂನು, ಬಾಲ ಕಿತ್ತಳೆ ಬಣ್ಣದ್ದು. ಕಾವೇರಿ ಮತ್ತು ಅದರ ಉಪನದಿಗಳು ಬಿಟ್ಟರೆ ಬೇರೆಲ್ಲೂ ಇಲ್ಲ. ಗಾಳ ಹಾಕುವವರಿಗೆ ನೂರು ವರ್ಷಕ್ಕೂ ಹಿಂದಿನಿಂದ ಗೊತ್ತಿತ್ತು. ಆದರೆ ಇದು ಟೋರ್ ರೆಮಾದೇವಿ ಎಂಬ ಜಾತಿ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದು 2018ರಲ್ಲಿ. ಗುರುತೇ ಆಗದ ಮೀನನ್ನು ಪಟ್ಟಿಗೆ ಸೇರಿಸುವುದು ಹೇಗೆ? ಗುರುತಾದ ಮೇಲೆ ನೇರ ತೀರಾ ಅಪಾಯದ ಗುಂಪಿಗೇ ಬಂತು. ಅದೇ ಹೊಳೆಯಲ್ಲಿ ಇನ್ನೊಂದು ಮಹಶೀರ್ ಇದೆ, ನೀಲಿ ರೆಕ್ಕೆಯದ್ದು. ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿ ಎಷ್ಟೋ ವರ್ಷ ಹೊಳೆಗಳಿಗೆ ಬಿಟ್ಟರು. ಈಗ ಅದು ಚಿಂತೆಯಿಲ್ಲದ ಗುಂಪಿನಲ್ಲಿದೆ. ಗೂನುಬೆನ್ನಿನ ಮೀನಿಗೆ ಇದರಿಂದಲೂ ತೊಂದರೆ ಅಂತ ತಿಳಿದವರು ಹೇಳುತ್ತಾರೆ. ಒಟ್ಟಿಗೆ ‘ಮಹಶೀರ್’ ಅಂತ ಒಂದೇ ಬಣ್ಣ ಹಚ್ಚಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಲ್ವಾ?

ಆಮೇಲೆ ಚೌಕದ ಲೆಕ್ಕ. ಒಂದು ಜೀವಿ ಇರುವ ಜಾಗವನ್ನು ಎರಡು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲದ ಚೌಕಗಳಲ್ಲಿ ಎಣಿಸುತ್ತಾರೆ. ಒಂದು ಚೌಕ ಅಂದರೆ ಹತ್ತಿರ ಹತ್ತಿರ ಸಾವಿರ ಎಕರೆ. ನಮ್ಮ ಜಿಲ್ಲೆಯಲ್ಲಿ ಸುಮಾರು 1,200 ದೇವರಕಾಡುಗಳಿವೆ. ಹೆಚ್ಚಿನವು ಕೆಲವೇ ಎಕರೆಯವು. ಅಂಥ ಒಂದು ದೇವರಕಾಡಿನಲ್ಲಿ ಮಾತ್ರ ಉಳಿದ ಮರವೂ ನಕ್ಷೆಯಲ್ಲಿ ಸಾವಿರ ಎಕರೆಯ ಮರ ಆಗುತ್ತದೆ. ಹಾಗಂತ ಚೌಕ ಚಿಕ್ಕದು ಮಾಡಲು ಹೋಗಬೇಡ. ಹತ್ತು ಚದರ ಕಿಲೋಮೀಟರ್, ಐನೂರು, ಇಷ್ಟಕ್ಕಿಂತ ಕಡಿಮೆ ಜಾಗವಿದ್ದರೆ ಅಪಾಯ ಅನ್ನುವ ಮಿತಿಗಳನ್ನು ಈ ಚೌಕಕ್ಕೆ ತಕ್ಕ ಹಾಗೇ ಇಟ್ಟಿದ್ದಾರೆ. ಚಿಕ್ಕದು ಮಾಡಿದರೆ ಸುಮ್ನೆ ಎಲ್ಲದಕ್ಕೂ ಜಾಗ ಕಡಿಮೆ ಅಂತ ಬರುತ್ತದೆ. ಚೌಕದೊಳಗೆ ನಿಜವಾಗಿ ಏನಿದೆ ಅಂತ ಟಿಪ್ಪಣಿ ಬರೆದಿಡು, ಅಷ್ಟು ಸಾಕು.

ಪಶ್ಚಿಮ ಘಟ್ಟದಲ್ಲಿ ಯಾವ ಜಾಗ ಪರಿಸರ ಸೂಕ್ಷ್ಮ ಅಂತ ಗುರುತಿಸಿದ ಕಸ್ತೂರಿರಂಗನ್ ವರದಿ ಬಂದಾಗ, 2013ರಲ್ಲಿ, ಇಲ್ಲಿ ಎದ್ದ ಗಲಾಟೆ ನಿನಗೆ ನೆನಪಿರಲಿಕ್ಕಿಲ್ಲ. ಉಪಗ್ರಹದ ಚಿತ್ರದಲ್ಲಿ ಕಾಫಿ ತೋಟವೂ ಕಾಡಿನ ಹಾಗೇ ಕಂಡಿದೆ ಅಂತ ಬೆಳೆಗಾರರ ದೂರು. ದೂರಿನಲ್ಲಿ ಹುರುಳಿತ್ತು. ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ರೋಬಸ್ಟಾ ಕಾಫಿ. ಆಕಾಶದಿಂದ ಎಲ್ಲ ಹಸಿರೇ. ಆದರೆ ಅತ್ತಿ, ಹಲಸು, ಬೀಟೆ ಕಡಿದು ಸಿಲ್ವರ್ ಓಕ್ ನೆಟ್ಟ ತೋಟ ಬೇರೆ, ಹಳೆಯ ನೆರಳು ಉಳಿಸಿಕೊಂಡ ತೋಟ ಬೇರೆ. ಇದನ್ನು ಮಾತ್ರ ನಮ್ಮವರು ಜೋರಾಗಿ ಹೇಳಲಿಲ್ಲ.

ಕಾಡು, ಹುಲ್ಲುಗಾವಲುಗಳಿಗೂ ಐಯುಸಿಎನ್ 2014ರಲ್ಲಿ ಬೇರೆ ಮಾನದಂಡ ಒಪ್ಪಿಕೊಂಡಿದೆ. ಮರ ನಿಂತಿದ್ದರೂ ಒಳಗೆ ಬೀಜ ಹರಡುವ ಹಕ್ಕಿ, ಪ್ರಾಣಿ ಕಡಿಮೆಯಾಗಿದ್ದರೆ ಅದನ್ನೂ ಹಾಳಾದ ಲೆಕ್ಕಕ್ಕೆ ಹಿಡಿಯಬಹುದು. ನನಗೆ ಇದು ಜಾಸ್ತಿ ಹಿಡಿಸಿತು.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬರಬೇಡ. ಕೊಯ್ಲಿನ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಏಪ್ರಿಲ್‌ನಲ್ಲಿ ಬಾ. ದೇವರಕಾಡಿಗೆ ಹೋಗುವ ಮುಂಚೆ ಊರಿನ ತಕ್ಕರನ್ನು, ಅಂದರೆ ಊರ ಹಿರಿಯ ಮುಖ್ಯಸ್ಥರನ್ನು ಕೇಳಬೇಕು, ಅವರ ಹತ್ತಿರ ನಾನು ಮಾತಾಡಿರುತ್ತೇನೆ. ದೊಡ್ಡ ಬೀಟೆ ಮರ, ಮಹಶೀರ್ ಇರುವ ಗುಂಡಿ ಸಿಕ್ಕರೆ ಜಿಪಿಎಸ್ ಗುರುತು ನಿನ್ನ ಕಚೇರಿಯೊಳಗೇ ಇರಲಿ. ಎಲ್ಲರೂ ನೋಡುವ ನಕ್ಷೆಯಲ್ಲಿ ಹಾಕಿದರೆ ಮೊದಲು ಬರುವುದು ಕಳ್ಳರೇ.

ಇಂತಿ,
ನಿನ್ನ ದೊಡ್ಡಪ್ಪ