ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ರಕ್ತದ ವರದಿಯನ್ನು ಯಾರಾದರೂ ಓದಿ ಹೇಳಲಿ

ಮಾನ್ಯ ಆರೋಗ್ಯ ಸಚಿವರೇ,

ನನ್ನ ತಂದೆ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡು ಮೂರು ವರ್ಷಗಳಾದವು. ಇಷ್ಟು ದಿನ ಸುಮ್ಮನಿದ್ದೆ. ಮೊನ್ನೆ ಅವರ ಕಡತವನ್ನು ಮತ್ತೆ ಬಿಚ್ಚಿದ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ಬಂದ ವರದಿಯಲ್ಲಿ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆ ಶೇ. 78, ಲಿಂಫೋಸೈಟ್ ಎಂಬ ಬಗೆ ಶೇ. 12, ರಕ್ತದ ಪ್ರೋಟೀನಾದ ಆಲ್ಬುಮಿನ್ ಡೆಸಿಲೀಟರಿಗೆ 2.8 ಗ್ರಾಂ ಎಂದಿದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 6.5. ದೇಹದಲ್ಲಿ ಉರಿಯೂತ ಹೆಚ್ಚಿದಂತೆ ನ್ಯೂಟ್ರೋಫಿಲ್ ಏರುತ್ತದೆ, ಗೆಡ್ಡೆಯೊಡನೆ ಹೋರಾಡಬೇಕಾದ ಲಿಂಫೋಸೈಟ್ ಇಳಿಯುತ್ತದೆ. ಈ ಅನುಪಾತ ಹೆಚ್ಚಿರುವ ರೋಗಿಗಳು ಸರಾಸರಿಯಲ್ಲಿ ಕಡಿಮೆ ಕಾಲ ಬದುಕುತ್ತಾರೆಂದು ಹಲವು ಅಧ್ಯಯನಗಳು ಹೇಳಿವೆ. ಆಲ್ಬುಮಿನ್ ಮತ್ತು ಲಿಂಫೋಸೈಟ್ ಎಣಿಕೆಯಿಂದ ಪೋಷಣೆಯ ಸೂಚ್ಯಂಕ ಲೆಕ್ಕ ಹಾಕುವ ಸೂತ್ರವನ್ನು ಜಪಾನಿನ ಒನೊಡೆರಾ ಮತ್ತು ಸಂಗಡಿಗರು 1984ರಲ್ಲೇ ಕೊಟ್ಟಿದ್ದಾರೆ. ಇವು ತಮ್ಮ ಇಲಾಖೆಗೆ ತಿಳಿಯದ ಸಂಗತಿಗಳಲ್ಲ.

ಆ ಹಾಳೆಯನ್ನು ಹಿಡಿದು ನಾನು ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿದ್ದೆ. “ಇವೆಲ್ಲ ಮಾಮೂಲಿ ಪರೀಕ್ಷೆಗಳು, ಅದರಲ್ಲಿ ನೋಡುವಂಥದ್ದೇನಿಲ್ಲ” ಎಂದು ವಾರ್ಡಿನವರು ಹಾಳೆಯನ್ನು ಮಡಚಿ ನನ್ನ ಕೈಗೆ ವಾಪಸು ಕೊಟ್ಟರು. ಎರಡು ತುತ್ತು ನುಂಗಲಾಗದೆ ಬಟ್ಟೆಯೊಳಗೆ ಸೊರಗುತ್ತಿದ್ದ ಮನುಷ್ಯನ ಆಲ್ಬುಮಿನ್ 2.8ಕ್ಕೆ ಇಳಿದಿದ್ದಾಗ ನೋಡುವಂಥದ್ದೇನಿಲ್ಲವೇ? ಪೋಷಣೆಯ ಮಾತನ್ನೇ ಯಾರೂ ಎತ್ತಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಹನ್ನೊಂದನೆಯ ವಾರಕ್ಕೆ ಅವರು ಹೋದರು. ಆ ಹನ್ನೊಂದು ವಾರಗಳಲ್ಲಿ ಪ್ರತಿದಿನವೂ ನಾವು ಅವರಿಗೆ “ಗುಣವಾಗುತ್ತದೆ” ಎಂದೇ ಹೇಳುತ್ತಿದ್ದೆವು, ಏಕೆಂದರೆ ನಮಗೆ ಬೇರೇನನ್ನೂ ಯಾರೂ ಹೇಳಿರಲಿಲ್ಲ.

ಒಂದು ಅಂಕಿಯಿಂದ ಒಬ್ಬರ ಆಯುಸ್ಸನ್ನು ಅಳೆಯಲಾಗದು ಎಂಬುದನ್ನು ಒಪ್ಪುತ್ತೇನೆ. ಸೋಂಕಿನಿಂದಲೂ ಸ್ಟೀರಾಯ್ಡ್‌ನಿಂದಲೂ ಈ ಅನುಪಾತ ಏರುತ್ತದೆ, ಅಪಾಯದ ಗೆರೆ ಎಲ್ಲಿ ಎಂಬುದರಲ್ಲಿ ಒಮ್ಮತವಿಲ್ಲ, ರೋಗದ ಹಂತವನ್ನು ಬದಿಗಿಟ್ಟು ಇದನ್ನು ಓದುವಂತೆಯೂ ಇಲ್ಲ. ಆದರೆ ಹೇಗಿದ್ದರೂ ತೆಗೆದ ರಕ್ತ, ಹೇಗಿದ್ದರೂ ಅಚ್ಚಾದ ಅಂಕಿಗಳು ಇವು. ಬೇಕಾಗಿರುವುದು ಒಂದು ಭಾಗಾಕಾರ ಮತ್ತು ಐದು ನಿಮಿಷದ ಮಾತು.

ಜಠರದ ಕ್ಯಾನ್ಸರ್ ರೋಗಿಯ ಪ್ರತಿ ವರದಿಯಲ್ಲೂ ಈ ಅನುಪಾತ ಮತ್ತು ಪೋಷಣಾ ಸೂಚ್ಯಂಕವನ್ನು ಮುದ್ರಿಸಬೇಕೆಂದು, ಚಿಕಿತ್ಸೆಗೆ ಮುನ್ನ ವೈದ್ಯರು ಅದನ್ನು ರೋಗಿಗೆ ವಿವರಿಸಬೇಕೆಂದು ತಾವು ಆದೇಶ ಹೊರಡಿಸಬೇಕು. ಎರಡು ವರ್ಷಗಳ ಸಮಿತಿ ಬೇಡ, ಆದೇಶ ಬೇಕು. ಈ ಹೊತ್ತಿಗೂ ಯಾವುದೋ ವಾರ್ಡಿನ ಬಾಗಿಲಲ್ಲಿ ಯಾರೋ ಅಂಥದೇ ಹಾಳೆ ಹಿಡಿದು ನಿಂತಿದ್ದಾರೆ. ಅವರಿಗೆ ಅದನ್ನು ಓದಿ ಹೇಳುವಂತೆ ಮಾಡಿ.

ಇತಿ,
ಮೃತ ರೋಗಿಯೊಬ್ಬರ ಮಗಳು